ಮೊದಲ ಸಲ ಯೂನಿವರ್ಸಿಟಿ ಕ್ಯಾಂಪಸ್‌ಗೆ ಹೊರಟಿದ್ದೀರಾ? ಫೈಲಿನಿಂದ ಹಾಸ್ಟೆಲ್‌ವರೆಗೆ, ಹಂತ ಹಂತವಾಗಿ

ಡಿಗ್ರಿ ರಿಸಲ್ಟ್ ಬಂತು ಅಂದರೆ ಸಾಕು, ನನಗೆ ಬರುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಇವೇ. ಹಾಸ್ಟೆಲ್ ಸಿಗುತ್ತಾ? ಮೆಸ್ ಬಿಲ್ ಎಷ್ಟು ಬರುತ್ತೆ? ಸ್ಕಾಲರ್‌ಶಿಪ್ ದುಡ್ಡು ಯಾಕೆ ಬಂದಿಲ್ಲ? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಎಂ.ಎ., ಎಂ.ಎಸ್ಸಿ. ಕಷ್ಟ ಆಗುತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇದು ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹೊರಟವರಿಗಾಗಿ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿ.ವಿ., ಬೆಂಗಳೂರಿನ ಜ್ಞಾನಭಾರತಿ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿ.ವಿ., ಕಲಬುರಗಿಯ ಗುಲ್ಬರ್ಗ ವಿ.ವಿ. ಹೀಗೆ ಎಲ್ಲೇ ಸೀಟು ಸಿಕ್ಕಿರಲಿ, ಸಣ್ಣಪುಟ್ಟ ನಿಯಮಗಳು ಬೇರೆ ಇರಬಹುದು, ದಾರಿ ಮಾತ್ರ ಒಂದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಊರಿನ ಕಾಲೇಜಿನಲ್ಲಿ ನೀವು ನಾಲ್ಕು ದಿನ ಬರದಿದ್ದರೆ ಮೇಷ್ಟ್ರು ಕೇಳುತ್ತಿದ್ದರು, ಅಪ್ಪನಿಗೆ ಫೋನ್ ಹೋಗುತ್ತಿತ್ತು. ಇಲ್ಲಿ ಯಾರೂ ಕೇಳುವುದಿಲ್ಲ. ಒಳ್ಳೆಯ ಲೈಬ್ರರಿ ಇದೆ, ಓದಿಕೊಂಡ ಮೇಷ್ಟ್ರುಗಳು ಇದ್ದಾರೆ, ಹಾಸ್ಟೆಲ್ ಇದೆ, ಸ್ಕಾಲರ್‌ಶಿಪ್ ಇದೆ. ಆದರೆ ಯಾವುದೂ ತಾನಾಗಿ ನಿಮ್ಮ ಬಾಗಿಲಿಗೆ ಬರಲ್ಲ. ಹೋಗಿ ಕೇಳಿದವರಿಗೆ ಸಿಗುತ್ತದೆ. ಮನೆಯಲ್ಲಿ ಮೊದಲ ಸಲ ಇಷ್ಟು ದೂರ ಓದುತ್ತಿರುವವರು ನೀವಾದರೆ ಇದು ಇನ್ನೂ ಮುಖ್ಯ, ಯಾಕೆಂದರೆ ನಿಮಗೆ ಇದನ್ನು ಹೇಳಿಕೊಡುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇರುವುದಿಲ್ಲ.

1. ಊರು ಬಿಡುವ ಮುಂಚೆ: ಫೈಲು

ಒಂದು ಗಟ್ಟಿ ಪ್ಲಾಸ್ಟಿಕ್ ಫೈಲು ತಗೊಳ್ಳಿ. ಅದರಲ್ಲಿ ಇರಬೇಕಾದ್ದು: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಟಿ.ಸಿ., ಪಿಡಿಸಿ (ಪದವಿ ಪ್ರಮಾಣಪತ್ರ ಕೈಗೆ ಬರುವವರೆಗೆ ಕೊಡುವ ತಾತ್ಕಾಲಿಕ ಪತ್ರ), ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಡಜನ್ ಫೋಟೋ. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಅಥವಾ ಕಲ್ಯಾಣ ಕರ್ನಾಟಕದ 371-ಜೆ ಕೋಟಾದಲ್ಲಿ ಸೀಟು ಕೇಳಿದ್ದರೆ ಅದರ ಪತ್ರವೂ ಬೇಕು. ಬೇರೆ ವಿಶ್ವವಿದ್ಯಾಲಯದಿಂದ ಬರುತ್ತಿದ್ದರೆ ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ಹಳೆಯ ವಿ.ವಿ.ಯಿಂದ ನಿಮ್ಮನ್ನು ಬಿಟ್ಟುಕೊಟ್ಟಿದ್ದೇವೆ ಅನ್ನುವ ಪತ್ರ, ಮರೆಯಬೇಡಿ. ಜಾಸ್ತಿ ಜನ ಬಿಟ್ಟು ಬರುವುದು ಇದನ್ನೇ, ಆಮೇಲೆ ಇದೊಂದಕ್ಕಾಗಿ ಎರಡು ದಿನ ಬಸ್ಸಿನಲ್ಲಿ ಓಡಾಡುತ್ತಾರೆ.

ಎಲ್ಲದಕ್ಕೂ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನಿಮಗೇ ಇಮೇಲ್ ಮಾಡಿಕೊಳ್ಳಿ. ಮೂಲ ಟಿ.ಸಿ. ಒಂದು ಸಲ ಕೊಟ್ಟರೆ ವಾಪಸ್ ಬರಲ್ಲ, ಆದ್ದರಿಂದ ಕೊಡುವ ಮುಂಚೆಯೇ ಅದರ ಪ್ರತಿ ಇಟ್ಟುಕೊಳ್ಳಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ‘ಮಂಜುನಾಥ ಎಚ್.’ ಅಂತ, ಆಧಾರ್‌ನಲ್ಲಿ ‘ಮಂಜುನಾಥ’ ಅಂತ ಅಷ್ಟೇ ಇದ್ದರೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ತೊಂದರೆ ಶುರುವಾಗುತ್ತದೆ. ಆಧಾರ್ ತಿದ್ದುಪಡಿಯನ್ನು ಊರಿನಲ್ಲೇ ಮುಗಿಸಿಕೊಂಡು ಬನ್ನಿ. ಇನ್ನೊಂದು, ಜಾತಿ-ಆದಾಯ ಪತ್ರದ ಮೇಲಿನ ಆರ್.ಡಿ. ನಂಬರ್. ನಾಡಕಚೇರಿಯಲ್ಲಿ ಕೊಟ್ಟ ಪತ್ರದ ಮೇಲೆ ‘ಆರ್‌ಡಿ’ಯಿಂದ ಶುರುವಾಗುವ ಉದ್ದದ ನಂಬರ್ ಇರುತ್ತದಲ್ಲ, ಆನ್‌ಲೈನ್ ಅರ್ಜಿಗಳಲ್ಲೆಲ್ಲ ಕೇಳುವುದು ಅದನ್ನೇ. ಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ. ಮುಗಿಯುತ್ತಾ ಬಂದಿದ್ದರೆ ಹೊಸದಕ್ಕೆ ಅರ್ಜಿ ಹಾಕಿಬಿಡಿ.

2. ಅಡ್ಮಿಷನ್ ದಿನ

ಫೀಸ್ ಕಟ್ಟಿದ ಚಲನ್ ಅಥವಾ ರಸೀದಿಯನ್ನು ಎರಡೂ ವರ್ಷ ಜೋಪಾನ ಮಾಡಿ. ಸ್ಕಾಲರ್‌ಶಿಪ್‌ಗೂ ಬೇಕು, ಕೊನೆಗೆ ಡೆಪಾಸಿಟ್ ವಾಪಸ್ ಪಡೆಯಲೂ ಬೇಕು. ವಿಭಾಗದ ಕಚೇರಿಯಲ್ಲಿ ಕೂರುವ ಗುಮಾಸ್ತರ ಪರಿಚಯ ಮೊದಲ ದಿನವೇ ಮಾಡಿಕೊಳ್ಳಿ, ಹೆಸರು ಕೇಳಿ ನಮಸ್ಕಾರ ಹೇಳಿ. ಅಧ್ಯಾಪಕರಿಗಿಂತ ಜಾಸ್ತಿ ಸಲ ನಿಮಗೆ ಬೇಕಾಗುವವರು ಅವರು, ಯಾವ ಅರ್ಜಿಗೆ ಯಾವ ದಿನ ಕೊನೆ ಅನ್ನುವುದು ಅವರಿಗೇ ಗೊತ್ತಿರುವುದು. ಬಿಟ್ಟರೆ ಈ ದಿನದಲ್ಲಿ ಬೇರೆ ಕಷ್ಟ ಏನೂ ಇಲ್ಲ, ಸಾಲಿನಲ್ಲಿ ನಿಲ್ಲುವುದೊಂದು.

3. ಹಾಸ್ಟೆಲ್

ಎಲ್ಲರೂ ತಪ್ಪು ತಿಳಿಯುವ ವಿಷಯ ಇದು. ಸೀಟು ಸಿಕ್ಕರೆ ಹಾಸ್ಟೆಲ್ಲೂ ಸಿಕ್ಕಿತು ಅಂತ ಅಂದುಕೊಳ್ಳಬೇಡಿ. ಅದಕ್ಕೆ ಬೇರೆಯದೇ ಅರ್ಜಿ ಹಾಕಬೇಕು. ಹಾಸ್ಟೆಲ್‌ಗಳಲ್ಲೂ ಎರಡು ಬಗೆ. ಒಂದು, ವಿಶ್ವವಿದ್ಯಾಲಯವೇ ನಡೆಸುವುದು. ಇನ್ನೊಂದು, ಸರ್ಕಾರದ ಇಲಾಖೆಗಳು ನಡೆಸುವುದು. ಸಮಾಜ ಕಲ್ಯಾಣ ಇಲಾಖೆಯದು, ಪರಿಶಿಷ್ಟ ವರ್ಗಗಳ ಇಲಾಖೆಯದು, ಹಿಂದುಳಿದ ವರ್ಗಗಳ ಇಲಾಖೆಯದು (ಎಲ್ಲರೂ ಬಿಸಿಎಂ ಹಾಸ್ಟೆಲ್ ಅನ್ನುವುದು ಇದನ್ನೇ), ಅಲ್ಪಸಂಖ್ಯಾತರ ಇಲಾಖೆಯದು. ವಿ.ವಿ. ಹಾಸ್ಟೆಲ್‌ಗೆ ಅರ್ಜಿ ವಿ.ವಿ.ಯಲ್ಲಿ, ಇಲಾಖೆಯ ಹಾಸ್ಟೆಲ್‌ಗೆ ಇಲಾಖೆ ಹೇಳಿದ ಪೋರ್ಟಲ್‌ನಲ್ಲಿ. ಎರಡಕ್ಕೂ ಹಾಕಿ, ಯಾವುದು ಮೊದಲು ಸಿಗುತ್ತದೋ ಗೊತ್ತಿಲ್ಲ.

ಕ್ಲಾಸು ಶುರುವಾದ ಮೇಲೆ ಹಾಸ್ಟೆಲ್ ಪಟ್ಟಿ ಬರುವುದು ಸಾಮಾನ್ಯ. ಆ ನಡುವಿನ ದಿನಗಳೇ ಕಷ್ಟದ್ದು. ಮೊದಲ ಒಂದು ತಿಂಗಳಿಗೆ ಪಿ.ಜಿ. (ಪೇಯಿಂಗ್ ಗೆಸ್ಟ್) ಅಥವಾ ಹಂಚಿಕೊಂಡ ರೂಮಿನ ಬಾಡಿಗೆಗೆ ದುಡ್ಡು ಇಟ್ಟುಕೊಂಡೇ ಬನ್ನಿ. ಪರಿಚಯದವರ ಹಾಸ್ಟೆಲ್ ರೂಮಿನಲ್ಲಿ ಗೆಸ್ಟ್ ಆಗಿ ಮಲಗುವುದು ಎಲ್ಲ ಕಡೆ ನಡೆಯುತ್ತದೆ, ನಿಜ. ಆದರೆ ವಾರ್ಡನ್ ಕೈಗೆ ಸಿಕ್ಕರೆ ದಂಡ ಬೀಳುವುದು ನಿಮ್ಮನ್ನು ಇಟ್ಟುಕೊಂಡವರಿಗೆ. ಅವರಿಗೆ ಹೀಗಾಗಲು ಬಿಡಬೇಡಿ.

ಮೆಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತಿಂಗಳ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ವಿ.ವಿ. ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಡಿವೈಡಿಂಗ್ ಸಿಸ್ಟಮ್. ತಿಂಗಳಿಡೀ ಆದ ಅಕ್ಕಿ, ಬೇಳೆ, ತರಕಾರಿ, ಗ್ಯಾಸಿನ ಖರ್ಚನ್ನು ಕೂಡಿಸಿ, ಉಂಡವರಿಗೆ ಹಂಚುತ್ತಾರೆ. ಲೆಕ್ಕ ಗೊತ್ತಾಗಲಿ ಅಂತ ಒಂದು ಉದಾಹರಣೆ. ತಿಂಗಳ ಖರ್ಚು 3,00,000 ರೂಪಾಯಿ, ಎಲ್ಲರೂ ಉಂಡ ದಿನಗಳನ್ನು ಕೂಡಿಸಿದರೆ 3,000 ದಿನ ಅಂತ ಇಟ್ಟುಕೊಳ್ಳಿ. ದಿನಕ್ಕೆ 100 ರೂಪಾಯಿ ಬೀಳುತ್ತದೆ. ನೀವು 8 ದಿನ ಊರಿಗೆ ಹೋಗಿ 22 ದಿನ ಇದ್ದಿದ್ದರೆ ನಿಮ್ಮ ಬಿಲ್ 2,200. ಆದರೆ ಊರಿಗೆ ಹೋಗುವ ಮುಂಚೆ ಮೆಸ್ ಪುಸ್ತಕದಲ್ಲಿ ರಜೆ ಬರೆದು ಸಹಿ ಮಾಡಿರಬೇಕು. ಬರೆಯದೆ ಹೋದರೆ ಪೂರಾ 30 ದಿನದ್ದು, 3,000 ಕಟ್ಟಬೇಕು. ಬಸ್ಸು ಹತ್ತುವ ಆತುರದಲ್ಲಿ ಪುಸ್ತಕ ಮರೆತು 800 ರೂಪಾಯಿ ಕಳೆದುಕೊಂಡವರು ಪ್ರತಿ ತಿಂಗಳೂ ಇರುತ್ತಾರೆ. ಕನಿಷ್ಠ ಎಷ್ಟು ದಿನ ಹೋದರೆ ಕಡಿತ ಸಿಗುತ್ತದೆ ಅನ್ನುವುದು ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ಬೇರೆ. ಮೊದಲ ವಾರವೇ ಕೇಳಿಕೊಳ್ಳಿ.

ಮೆಸ್ ಕಮಿಟಿಗೆ ಹೆಸರು ಕೊಡಿ ಅಂದರೆ ಹಿಂಜರಿಯಬೇಡಿ. ಒಂದು ತಿಂಗಳು ಬೆಳಿಗ್ಗೆ ಎದ್ದು ಮಾರ್ಕೆಟ್‌ಗೆ ಹೋಗಿ ತರಕಾರಿ ತಂದು, ಬಿಲ್ಲು ಬರೆದಿಟ್ಟರೆ, ಬಿಲ್ ಯಾಕೆ ಏರುತ್ತದೆ ಅನ್ನುವುದು ಅರ್ಥ ಆಗುತ್ತದೆ. ಅಡುಗೆಯವರ ಕಷ್ಟವೂ ಅರ್ಥ ಆಗುತ್ತದೆ. ನೂರು ಜನರಿಗೆ ಮುದ್ದೆ ತಿರುವುವುದು ಸುಮ್ನೆ ಅಲ್ಲ. ಉತ್ತರದ ಕಡೆ ಆದರೆ ಅಷ್ಟು ಮಂದಿಗೆ ರೊಟ್ಟಿ ಬಡಿಯಬೇಕು. ಅವರ ಹತ್ತಿರ ಗೌರವದಿಂದ ಮಾತಾಡಿ.

4. ಸ್ಕಾಲರ್‌ಶಿಪ್

ರಾಜ್ಯದ ಬಹುತೇಕ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್. ಕ್ರಮ ಹೀಗೆ:

ಮೊದಲು ಪೋರ್ಟಲ್‌ನಲ್ಲಿ ನಿಮ್ಮ ಖಾತೆ ತೆರೆಯಿರಿ. ಪಿಯುಸಿ ಅಥವಾ ಡಿಗ್ರಿಯಲ್ಲಿ ಮಾಡಿದ್ದ ಐಡಿ ಇದ್ದರೆ ಅದನ್ನೇ ಬಳಸಿ, ಹೊಸದು ಮಾಡಬೇಡಿ. ಆಮೇಲೆ ಬೇಕಾದ ದಾಖಲೆಗಳಿಗೆ ಇ-ಅಟೆಸ್ಟೇಶನ್ ಮಾಡಿಸಿ. ಹೆಸರು ದೊಡ್ಡದು, ಕೆಲಸ ಸಣ್ಣದು. ವಿ.ವಿ.ಯ ಅಧಿಕಾರಿಯೊಬ್ಬರು ನಿಮ್ಮ ದಾಖಲೆ ನೋಡಿ, ಸರಿ ಇದೆ ಅಂತ ಆನ್‌ಲೈನ್‌ನಲ್ಲೇ ದೃಢೀಕರಿಸಿ ಒಂದು ನಂಬರ್ ಕೊಡುತ್ತಾರೆ. ಆ ನಂಬರ್, ಆರ್.ಡಿ. ನಂಬರ್, ಫೀಸಿನ ವಿವರ ಹಾಕಿ ಅರ್ಜಿ ಸಲ್ಲಿಸಿ. ಕೊನೆಯಲ್ಲಿ ಬರುವ ಸ್ವೀಕೃತಿಯನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ಅರ್ಜಿ ಸರಿ ಇದ್ದೂ ದುಡ್ಡು ಬರದಿದ್ದರೆ ಹತ್ತರಲ್ಲಿ ಎಂಟು ಸಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಆಧಾರ್ ಸೀಡಿಂಗ್ ಆಗಿದೆಯಾ? ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದೇನೆ ಅನ್ನುತ್ತೀರಿ. ಅದು ಲಿಂಕ್ ಅಷ್ಟೇ. ಸರ್ಕಾರದ ದುಡ್ಡು ಆಧಾರ್ ಮೂಲಕ ಬರಬೇಕಾದರೆ ಎನ್‌ಪಿಸಿಐ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರಿಗೆ ನಿಮ್ಮ ಬ್ಯಾಂಕಿನ ಹೆಸರು ಇರಬೇಕು. ಒಂದು ಸಲಕ್ಕೆ ಒಂದೇ ಬ್ಯಾಂಕ್ ಇರಲು ಸಾಧ್ಯ. ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಅಂತಲೇ ಕೇಳಿ. ಎರಡು ಮೂರು ಖಾತೆ ಇದ್ದವರ ದುಡ್ಡು ಕೆಲವೊಮ್ಮೆ ಎಂದೋ ಮರೆತ ಹಳೆಯ ಖಾತೆಗೆ ಹೋಗಿ ಕೂತಿರುತ್ತದೆ, ಅದನ್ನೂ ನೋಡಿ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ಮತ್ತು ವಸತಿಗೆ ಸಹಾಯಧನ. ಆದರೆ ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಅದನ್ನು ಪಡೆಯುವ ಹಾಗಿಲ್ಲ. ಹಾಗೆಯೇ ಯುವನಿಧಿ. ಅದು ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಇರುವ ಭತ್ಯೆ, ಓದು ಮುಂದುವರಿಸಿದವರಿಗೆ ಅಲ್ಲ. ಯಾರೋ ಹೇಳಿದರು ಅಂತ ಅರ್ಜಿ ಹಾಕಿ ಆಮೇಲೆ ವಾಪಸ್ ಕಟ್ಟುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಓಡಾಟಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಬಸ್ ಪಾಸ್ ಮಾಡಿಸಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು ಇದರಿಂದ ಎಷ್ಟು ಅನುಕೂಲ ಆಗಿದೆ ಅನ್ನುವುದನ್ನು ಆ ಹುಡುಗಿಯರ ಬಾಯಿಂದಲೇ ಕೇಳಿದ್ದೇನೆ.

5. ಕ್ಲಾಸು, ಕ್ರೆಡಿಟ್, ಹಾಜರಾತಿ

ಕ್ರೆಡಿಟ್ ಅಂದರೆ ಒಂದು ವಿಷಯದ ತೂಕ. ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್ ಆದರೆ ಎರಡು ಗಂಟೆಗೆ ಒಂದು. ಹಾರ್ಡ್ ಕೋರ್ ಅಂದರೆ ಕಡ್ಡಾಯ ಪತ್ರಿಕೆ. ಸಾಫ್ಟ್ ಕೋರ್ ಅಂದರೆ ನಿಮ್ಮ ವಿಭಾಗದ್ದೇ ಕೆಲವು ಪತ್ರಿಕೆಗಳಲ್ಲಿ ನೀವು ಆರಿಸಿಕೊಳ್ಳುವುದು. ಓಪನ್ ಎಲೆಕ್ಟಿವ್ ಅಂದರೆ ಬೇರೆ ವಿಭಾಗಕ್ಕೆ ಹೋಗಿ ಓದುವ ಪತ್ರಿಕೆ. ಗೆಳೆಯರೆಲ್ಲ ಹೋಗುತ್ತಾರೆ, ಅಲ್ಲಿ ಸುಲಭವಾಗಿ ಅಂಕ ಕೊಡುತ್ತಾರೆ ಅನ್ನುವ ಕಾರಣಕ್ಕೆ ಇದನ್ನು ಆರಿಸಬೇಡಿ. ಕನ್ನಡ ಎಂ.ಎ. ಮಾಡುವವರು ಇತಿಹಾಸ ವಿಭಾಗದಲ್ಲಿ ಶಾಸನಗಳ ಬಗ್ಗೆ, ಅರ್ಥಶಾಸ್ತ್ರದವರು ಅಂಕಿಅಂಶ ವಿಭಾಗದಲ್ಲಿ ಏನಾದರೂ ಓದಿದರೆ ಮುಂದೆ ನಿಜಕ್ಕೂ ಕೈ ಹಿಡಿಯುತ್ತದೆ. ಖಾಸಗಿ ಕಾಲೇಜಿನಲ್ಲಿ ಸಿಗದ ಸವಲತ್ತು ಇದು, ಒಂದೇ ಕ್ಯಾಂಪಸ್ಸಿನಲ್ಲಿ ಇಷ್ಟೊಂದು ವಿಭಾಗಗಳು ಅಲ್ವಾ.

ಹಾಜರಾತಿ 75 ಶೇಕಡಾ ಬೇಕು. ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 16 ವಾರದಲ್ಲಿ 64 ತರಗತಿ ಆದರೆ, 48ಕ್ಕೆ ನೀವು ಇರಲೇಬೇಕು. 16 ತಪ್ಪಿಸಬಹುದು ಅನಿಸುತ್ತದೆ. ಆದರೆ ಹಬ್ಬಕ್ಕೆ ಒಂದು ವಾರ, ಜ್ವರಕ್ಕೆ ಒಂದು ವಾರ, ಮನೆಯ ಒಂದು ಮದುವೆ, ಅಷ್ಟರಲ್ಲೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿರುತ್ತದೆ. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಈಗ ಇಂಗ್ಲಿಷ್ ವಿಷಯ. ಕಲಾ ವಿಭಾಗದ ಬಹುತೇಕ ವಿಷಯಗಳಲ್ಲಿ ಪರೀಕ್ಷೆ ಕನ್ನಡದಲ್ಲಿ ಬರೆಯಲು ಅವಕಾಶ ಇರುತ್ತದೆ. ನಿಮ್ಮ ವಿಭಾಗದಲ್ಲಿ ಹೇಗೆ ಅಂತ ಮೊದಲ ವಾರ ಕೇಳಿ. ಬರೆಯುವುದು ಕನ್ನಡದಲ್ಲಾದರೂ ಓದುವ ಪುಸ್ತಕಗಳು ಜಾಸ್ತಿ ಇಂಗ್ಲಿಷಿನಲ್ಲೇ ಇರುತ್ತವೆ. ಮೊದಲ ತಿಂಗಳು ಕ್ಲಾಸಿನಲ್ಲಿ ಕೂತರೆ ಏನೂ ಅರ್ಥ ಆಗದೆ, ಪಕ್ಕದವರೆಲ್ಲ ಬರೆದುಕೊಳ್ಳುತ್ತಿರುವಾಗ ನಾನೊಬ್ಬನೇ ದಡ್ಡ ಅನಿಸುತ್ತದೆ. ನಿಮಗೊಬ್ಬರಿಗೇ ಅಲ್ಲ, ಅರ್ಧ ಕ್ಲಾಸಿಗೆ ಹಾಗೇ ಅನಿಸುತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ನಾನು ಮಾಡಿ ನೋಡಿದ ದಾರಿ ಇದು. 200 ಪುಟದ ಒಂದು ನೋಟ್‌ಬುಕ್ ತಗೊಂಡು, ಪ್ರತಿ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕ್ಲಾಸಿನಲ್ಲಿ ಕೇಳಿದ ಪದ, ಬಲಕ್ಕೆ ಅದರ ಕನ್ನಡ, ಕೆಳಗೆ ನಿಮ್ಮೂರಿನ ಒಂದು ಉದಾಹರಣೆ. ‘ಎಲಾಸ್ಟಿಸಿಟಿ ಆಫ್ ಡಿಮಾಂಡ್’, ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’. ಎರಡೂ ಒಂದೇ ತರಹ ಕಷ್ಟ. ಆದರೆ ಕೆಳಗೆ ‘ಟೊಮೆಟೊ ರೇಟು ಏರಿದರೆ ಅಮ್ಮ ಹುಣಸೆಹಣ್ಣು ಹಾಕುತ್ತಾಳೆ, ಉಪ್ಪಿನ ರೇಟು ಏರಿದರೂ ಉಪ್ಪು ತರಲೇಬೇಕು’ ಅಂತ ಬರೆದ ದಿನ ಅದು ನಿಮ್ಮದಾಗುತ್ತದೆ. ದಿನಕ್ಕೆ ಐದು ಪದ ಸಾಕು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮೇಷ್ಟ್ರ ಪಾಠ ಕಿವಿಗೆ ಹತ್ತುತ್ತದೆ.

ಸೆಮಿನಾರ್ ಅಂದರೆ ನೀವೇ ಎದ್ದು ನಿಂತು ಒಂದು ವಿಷಯ ಮಂಡಿಸುವುದು, ಇಂಟರ್ನಲ್ ಅಂಕ ಇದಕ್ಕೂ ಇರುತ್ತದೆ. ಇಂಟರ್‌ನೆಟ್‌ನಿಂದ ಇಳಿಸಿದ್ದನ್ನು ಓದಬೇಡಿ. ಎರಡೇ ಪುಸ್ತಕ ನೋಡಿ, ನಿಮ್ಮ ಮಾತಿನಲ್ಲೇ ಹೇಳಿ. ಅಧ್ಯಾಪಕರು ನಿಮ್ಮ ಹೆಸರು ನೆನಪಿಟ್ಟುಕೊಳ್ಳುವುದು ಅಂದಿನಿಂದ. ಪಾಠ ಮುಗಿದ ಮೇಲೆ ಅವರ ಕೊಠಡಿಗೆ ಹೋಗಿ ‘ಸರ್, ಇದು ಅರ್ಥ ಆಗಲಿಲ್ಲ’ ಅಂದರೆ ಬೈಯುವವರು ತೀರಾ ಕಡಿಮೆ.

6. ಲೈಬ್ರರಿ

ಮೊದಲ ವಾರವೇ ಕಾರ್ಡ್ ಮಾಡಿಸಿ. ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲಿವೆ ಅಂತ ಸಿಬ್ಬಂದಿಯನ್ನು ಕೇಳಿ, ಐದು ವರ್ಷದ್ದು ಜೆರಾಕ್ಸ್ ಮಾಡಿಸಿದರೆ ಪರೀಕ್ಷೆಯ ಅರ್ಧ ಭಯ ಹೋಗುತ್ತದೆ. ಪಿಎಚ್‌.ಡಿ. ಪ್ರಬಂಧಗಳನ್ನು ಓದಬೇಕಾದರೆ ಶೋಧಗಂಗಾ ಅನ್ನುವ ತಾಣ ಇದೆ, ದೇಶದ ವಿ.ವಿ.ಗಳ ಪ್ರಬಂಧಗಳು ಅಲ್ಲಿ ಉಚಿತ.

ಸಂಜೆ ಓದುವ ಕೋಣೆಗೆ ಹೋದರೆ ಅರ್ಧಕ್ಕಿಂತ ಜಾಸ್ತಿ ಜನ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳ ಪುಸ್ತಕ ಹಿಡಿದಿರುತ್ತಾರೆ. ತಪ್ಪಲ್ಲ, ಮನೆಯ ಪರಿಸ್ಥಿತಿ ಹಾಗಿರುತ್ತದೆ. ಆದರೆ ಎಂ.ಎ. ಸೀಟನ್ನು ಬರೀ ಹಾಸ್ಟೆಲ್‌ಗಾಗಿ ಹಿಡಿದುಕೊಂಡು, ಎರಡು ವರ್ಷ ವಿಭಾಗದ ಕಡೆ ತಲೆ ಹಾಕದೆ ಇದ್ದವರನ್ನು ತುಂಬ ನೋಡಿದ್ದೇನೆ. ಕೆಲಸದ ನೋಟಿಫಿಕೇಶನ್ ಮುಂದಕ್ಕೆ ಹೋಗುತ್ತದೆ, ಎಂ.ಎ. ಅಂಕವೂ 55 ಶೇಕಡಾ ದಾಟುವುದಿಲ್ಲ. ಆ 55 ಯಾಕೆ ಮುಖ್ಯ ಅಂದರೆ, ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು, ಎಸ್‌ಸಿ, ಎಸ್‌ಟಿ ಮತ್ತು ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ 50. ಬೆಳಿಗ್ಗೆ ಕ್ಲಾಸು, ಸಂಜೆ ಸ್ಪರ್ಧಾತ್ಮಕ ಪರೀಕ್ಷೆ ಅಂತ ಹಂಚಿಕೊಳ್ಳಿ. ಎರಡನೇ ವರ್ಷದಲ್ಲಿ ಇರುವಾಗಲೇ ನೆಟ್ ಬರೆಯಬಹುದು, ಕೋರ್ಸು ಮುಗಿಯಲಿ ಅಂತ ಕಾಯಬೇಡಿ.

7. ಕಚೇರಿ ಕೆಲಸ

ಏನೇ ಆಗಬೇಕಾದರೂ ಬರವಣಿಗೆಯಲ್ಲಿ ಕೊಡಿ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ: ಯಾರಿಗೆ, ಯಾರಿಂದ, ವಿಷಯ, ನೋಂದಣಿ ಸಂಖ್ಯೆ, ನಾಲ್ಕು ಸಾಲಿನ ವಿವರ, ದಿನಾಂಕ, ಸಹಿ, ಮೊಬೈಲ್ ನಂಬರ್. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಇನ್‌ವರ್ಡ್ ನಂಬರ್ ಅಂದರೆ ನಿಮ್ಮ ಅರ್ಜಿ ಕಚೇರಿಯ ಪುಸ್ತಕದಲ್ಲಿ ದಾಖಲಾದ ಸಂಖ್ಯೆ. ನಾನು ಓದುವಾಗ ಒಮ್ಮೆ ಇದನ್ನು ಹಾಕಿಸದೆ ಬಂದಿದ್ದೆ. ಮೂರು ವಾರ ಬಿಟ್ಟು ಹೋದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು, ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ.

ಅಂಕ ಕಡಿಮೆ ಬಂತು ಅನಿಸಿದರೆ ದಾರಿಗಳು ಮೂರು. ಉತ್ತರಪತ್ರಿಕೆಯ ಜೆರಾಕ್ಸ್ ಪಡೆಯುವುದು, ಮರುಎಣಿಕೆ (ಕೊಟ್ಟ ಅಂಕಗಳನ್ನು ಮತ್ತೆ ಕೂಡಿಸುವುದು), ಮರುಮೌಲ್ಯಮಾಪನ (ಬೇರೆಯವರು ಮತ್ತೆ ತಿದ್ದುವುದು). ಅವಕಾಶ ಇರುವಲ್ಲಿ ಮೊದಲು ಜೆರಾಕ್ಸ್ ತರಿಸಿ, ವಿಷಯ ಗೊತ್ತಿರುವ ಸೀನಿಯರ್ ಅಣ್ಣನಿಗೋ ಅಕ್ಕನಿಗೋ ತೋರಿಸಿ, ಆಮೇಲೆ ದುಡ್ಡು ಕಟ್ಟಿ. ಎಲ್ಲದಕ್ಕೂ ರಿಸಲ್ಟ್ ಬಂದ ದಿನದಿಂದ ಕೆಲವೇ ದಿನಗಳ ಗಡುವು. ರಿಸಲ್ಟ್ ಬಂದ ಕೂಡಲೇ ಗಡುವಿನ ದಿನಾಂಕ ನೋಡಿ ಬರೆದಿಟ್ಟುಕೊಳ್ಳಿ.

8. ಭಯ ಆದಾಗ, ಮನಸ್ಸು ಕುಗ್ಗಿದಾಗ

ರ‍್ಯಾಗಿಂಗ್ ಎಷ್ಟೇ ಸಣ್ಣದಿರಲಿ ಅಪರಾಧ. ದೇಶದ ಎಲ್ಲ ವಿದ್ಯಾರ್ಥಿಗಳಿಗೂ ಇರುವ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳದ ದೂರಿಗೆ ಪ್ರತಿ ವಿ.ವಿ.ಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಜಾತಿಯ ಕಾರಣಕ್ಕೆ ತೊಂದರೆ ಆದರೆ ಎಸ್‌ಸಿ-ಎಸ್‌ಟಿ ಘಟಕಕ್ಕೆ ಹೋಗಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನಂಬಿಕೆಯ ಒಬ್ಬ ಅಧ್ಯಾಪಕರನ್ನು ಜೊತೆಗೆ ಕರೆದುಕೊಳ್ಳಿ.

ಮೊದಲ ಸೆಮಿಸ್ಟರ್‌ನಲ್ಲಿ ಊರಿನ ನೆನಪು ಕಾಡುತ್ತದೆ. ಸಂಜೆ ರೂಮಿನಲ್ಲಿ ಒಬ್ಬರೇ ಕೂರಬೇಡಿ. ಮೈಸೂರಿನಲ್ಲಿದ್ದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬನ್ನಿ. ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕುವೆಂಪು ಅವರು ನಡೆದಾಡುತ್ತಿದ್ದ ಕೆರೆ ಅದು. ದಸರಾ ಮುಂಚೆ ಕ್ಯಾಂಪಸ್ಸಿನ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ಅನ್ನುವ ವಿದ್ಯಾರ್ಥಿಗಳ ಸಾಂಸ್ಕೃತಿಕ ಉತ್ಸವ ನಡೆಯುತ್ತದೆ, ಅದನ್ನೂ ತಪ್ಪಿಸಬೇಡಿ. ಬೇರೆ ಕ್ಯಾಂಪಸ್‌ಗಳಲ್ಲೂ ಇಂಥ ಜಾಗ ಒಂದು ಇದ್ದೇ ಇರುತ್ತದೆ, ಹುಡುಕಿಕೊಳ್ಳಿ. ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

9. ಕೋರ್ಸು ಮುಗಿದ ಮೇಲೆ

ಕೊನೆಯ ಪರೀಕ್ಷೆ ಬರೆದ ಮರುದಿನವೇ ಬ್ಯಾಗು ಹೊತ್ತು ಹೊರಡಬೇಡಿ, ಇನ್ನೂ ಎರಡು ದಿನ ಇರಿ. ಲೈಬ್ರರಿ, ಹಾಸ್ಟೆಲ್, ವಿಭಾಗ ಮೂರೂ ಕಡೆ ನೋ ಡ್ಯೂಸ್ ಮಾಡಿಸಿ, ಅಂದರೆ ಬಾಕಿ ಏನೂ ಇಲ್ಲ ಅಂತ ಸಹಿ. ಲ್ಯಾಬ್ ಇದ್ದವರಿಗೆ ಅಲ್ಲಿಯದೂ ಬೇಕು. ಇದಿಲ್ಲದೆ ಟಿ.ಸಿ. ಸಿಗುವುದಿಲ್ಲ. ಪಿಡಿಸಿಗೆ ಅರ್ಜಿ ಕೊಡಿ. ಘಟಿಕೋತ್ಸವಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ ಇರುತ್ತದೆ, ಅದರ ಪ್ರಕಟಣೆ ನೀವು ಊರಿನಲ್ಲಿರುವಾಗ ಬರುತ್ತದೆ. ಆದ್ದರಿಂದ ಜೂನಿಯರ್ ಒಬ್ಬರಿಗೆ ತಿಳಿಸಲು ಹೇಳಿಟ್ಟು ಬನ್ನಿ.

ಅಡ್ಮಿಷನ್ ದಿನ ಕಟ್ಟಿದ ಕಾಷನ್ ಡೆಪಾಸಿಟ್ ನೆನಪಿದೆಯಾ? ಲೈಬ್ರರಿಗೆ, ಹಾಸ್ಟೆಲ್‌ಗೆ ಅಂತ ಕಟ್ಟಿದ ಆ ದುಡ್ಡು ನಿಮ್ಮದು, ಕೇಳಿದರೆ ವಾಪಸ್ ಬರುತ್ತದೆ. ಎರಡು ವರ್ಷ ಜೋಪಾನ ಮಾಡಿ ಅಂತ ಹೇಳಿದ ರಸೀದಿ ಬೇಕಾಗುವುದು ಈಗ. ಅದರ ಜೆರಾಕ್ಸ್, ನೋ ಡ್ಯೂಸ್ ಪ್ರತಿ, ಪಾಸ್‌ಬುಕ್‌ನ ಮೊದಲ ಪುಟ, ಒಂದು ಅರ್ಜಿ, ಇಷ್ಟನ್ನೂ ಪಿನ್ ಮಾಡಿ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬಸ್ಸು ಹತ್ತಿ.